ವೈನರಿಗೆ ಮತ್ತೊಮ್ಮೆ ಹೋಗಿ, ತಿಂಗಳು ನೋಡಿ ಹೋಗಿ

ನಂದಿ ಬೆಟ್ಟದ ಸುತ್ತಿನ ದ್ರಾಕ್ಷಿ ಬೆಳೆಗಾರರಲ್ಲಿ ಒಂದು ಸಲವಾದರೂ ವೈನರಿಯೊಳಗೆ ಕಾಲಿಟ್ಟು ಬಂದವರು ಬಹಳ ಮಂದಿ ಇದ್ದಾರೆ. ಅಧ್ಯಯನ ಪ್ರವಾಸದ ಬಸ್ಸಿನಲ್ಲಿ ಹೋದವರುಂಟು, ನೆಂಟರ ಹುಡುಗ ಅಲ್ಲಿ ಕೆಲಸಕ್ಕಿದ್ದಾನೆಂದು ಹೋದವರುಂಟು, ಹಣ್ಣಿನ ಗಾಡಿಯ ಜತೆ ಹೋಗಿ ತೂಕದ ಚೀಟಿ ಹಿಡಿದು ಗೇಟಿನಿಂದಲೇ ಹಿಂದಿರುಗಿದವರೂ ಉಂಟು. ಕೇಳಿದರೆ ಉತ್ತರ ಒಂದೇ: "ನೋಡಿದ್ದಾಯಿತು." ಎತ್ತರದ ಉಕ್ಕಿನ ತೊಟ್ಟಿಗಳು, ತಣ್ಣನೆಯ ಕೋಣೆಯಲ್ಲಿ ಸಾಲಾಗಿ ಮಲಗಿದ ಮರದ ಪೀಪಾಯಿಗಳು, ಕೊನೆಗೊಂದು ಗುಂಪು ಫೋಟೋ. ಇಷ್ಟಕ್ಕೆ ವೈನರಿ ನೋಡಿದಂತಾಯಿತೇ?

ಆಗಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಒಂದು ರಾಗಿ ಹೊಲವನ್ನು ಜುಲೈ ತಿಂಗಳಲ್ಲಿ ಒಮ್ಮೆ ನೋಡಿ "ರಾಗಿ ಬೇಸಾಯ ನೋಡಿದೆ" ಎಂದು ಯಾರಾದರೂ ಪಟ್ಟಣದವರು ಹೇಳಿದರೆ ನೀವು ನಗುವುದಿಲ್ಲವೇ? ವೈನರಿಯೂ ಹಾಗೆಯೇ. ಅದು ವರ್ಷಕ್ಕೊಂದು ಸಲ ಬೆಳೆ ಬರುವ ಕಾರ್ಖಾನೆ. ಫೆಬ್ರವರಿಯಲ್ಲಿ ಕಾಣುವುದು ಆಗಸ್ಟಿನಲ್ಲಿ ಕಾಣುವುದಿಲ್ಲ, ಏಪ್ರಿಲಿನಲ್ಲಿ ತೋಟ ಹೇಳುವ ಮಾತನ್ನು ಅಕ್ಟೋಬರಿನಲ್ಲಿ ಹೇಳುವುದಿಲ್ಲ. ಆದ್ದರಿಂದ ಒಮ್ಮೆ ನೋಡಿ ಮೆಚ್ಚಿದ ವೈನರಿ ಇದ್ದರೆ ಅಲ್ಲಿಗೇ ಮತ್ತೆ ಹೋಗಿ. ಹತ್ತು ವೈನರಿಗಳನ್ನು ಒಂದೊಂದು ಸಲ ನೋಡುವುದಕ್ಕಿಂತ ಒಂದೇ ವೈನರಿಯನ್ನು ನಾಲ್ಕು ಸಲ ನೋಡುವುದು ಬೆಳೆಗಾರನಿಗೆ ಹೆಚ್ಚು ಲಾಭ.

ಮುಂದುವರಿಯುವ ಮುನ್ನ ಒಂದು ಮಾತು. ಈ ಪುಟ ಕುಡಿತಕ್ಕೆ ಕರೆ ಕೊಡುವ ಪುಟವಲ್ಲ. ಕುಡಿತದಿಂದ ಹಾಳಾದ ಮನೆ ಯಾವ ಊರಿನಲ್ಲಿಲ್ಲ? ವೈನಿನಲ್ಲಿರುವುದೂ ಮದ್ಯಸಾರವೇ. ಆದರೆ ನಮ್ಮ ದ್ರಾಕ್ಷಿಯ ಒಂದು ಪಾಲು ವೈನರಿಯ ಗೇಟಿನೊಳಗೆ ಹೋಗುತ್ತಿರುವುದೂ ಅಷ್ಟೇ ನಿಜ. ಕೊಳ್ಳುವವನ ಅಂಗಳದಲ್ಲಿ ಏನು ನಡೆಯುತ್ತದೆಂದು ತಿಳಿಯದೆ ಮಾರುವವನು ಸದಾ ಅರ್ಧ ಕುರುಡ. ಒಂದು ತೊಟ್ಟೂ ಬಾಯಿಗೆ ಹಾಕದೆ ವೈನರಿಯಿಂದ ಕಲಿತು ಬರುವುದು ಖಂಡಿತ ಸಾಧ್ಯ. ಹೇಗೆಂದು ಮುಂದೆ ಹೇಳುತ್ತೇವೆ.

ನಮ್ಮ ರಾಜ್ಯದಲ್ಲಿ ಈ ಉದ್ಯಮ ಬಹಳ ಹಳೆಯದಲ್ಲ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಜಾರ್ಜ್ ವೆಸೆಲ್ ಅವರ ನೆರವಿನಿಂದ ದೊಡ್ಡಬಳ್ಳಾಪುರದ ಬಳಿ ಫ್ರಾನ್ಸಿನ ವೈನ್ ತಳಿಗಳ ತೋಟವನ್ನು ನೆಲೆಗೊಳಿಸಿದ್ದು 1988ರಲ್ಲಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಕೆಂಪು ಮಣ್ಣು, ಹಗಲು ಬಿಸಿಲು, ರಾತ್ರಿ ಬೆಟ್ಟದ ಗಾಳಿಯ ತಂಪು. ಇವೇ ಆ ಜಾಗವನ್ನು ಆರಿಸಲು ಕಾರಣ. ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದದ್ದು 2007ರಲ್ಲಿ. ಅದಾದ ಮೇಲೆ ವಿಜಯಪುರ, ಬಾಗಲಕೋಟೆಯ ಕೃಷ್ಣಾ ತೀರ, ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆ, ಚನ್ನಪಟ್ಟಣ, ಹೀಗೆ ವೈನರಿಯ ಮಾತು ಹಬ್ಬಿತು. ಆದರೆ ಎಲ್ಲ ಕಡೆಯೂ ಗೇಟು ಒಂದೇ ಬಗೆಯಾಗಿ ತೆರೆದಿರುವುದಿಲ್ಲ. ಕೆಲವು ಕಡೆ ಹಣ ಕಟ್ಟಿದ ಪ್ರವಾಸಿಗರಿಗೆ ನಿಗದಿತ ವೇಳೆಯಲ್ಲಿ ತೋರಿಸುತ್ತಾರೆ, ಕೆಲವು ಕಡೆ ಮೊದಲೇ ಹೇಳಿ ಹೋದವರಿಗೆ ಮಾತ್ರ. ಫೋನು ಮಾಡಿ ಕೇಳದೆ ಹೊರಡಬೇಡಿ.

ಎರಡನೆಯ ಸಲ ಯಾವ ತಿಂಗಳು ಹೋಗಬೇಕು? ನಮ್ಮನ್ನು ಕೇಳಿದರೆ ಸುಗ್ಗಿಯಲ್ಲಿ. ಫ್ರಾನ್ಸಿನಲ್ಲಿ ವೈನ್ ದ್ರಾಕ್ಷಿಯ ಸುಗ್ಗಿ ಸೆಪ್ಟೆಂಬರ್ ಹೊತ್ತಿಗೆ. ನಮ್ಮಲ್ಲಿ ಜನವರಿ ಕೊನೆಯಿಂದ ಮಾರ್ಚ್‌ವರೆಗೆ. ಬೆಳಿಗ್ಗೆ ಬೇಗ ಹೋಗಿ ನಿಲ್ಲಿ. ಬಿಸಿಲೇರುವ ಮುನ್ನ ಕೊಯ್ದ ಹಣ್ಣು ತಣ್ಣಗಿರುವಾಗಲೇ ಒಳಗೆ ಬರಬೇಕೆಂದು ಅವರು ಏಕೆ ಅವಸರಪಡುತ್ತಾರೆಂಬುದನ್ನು ಕಣ್ಣಾರೆ ನೋಡಿ. ಬಿಸಿಯಾದ ಹಣ್ಣು ದಾರಿಯಲ್ಲೇ ಹುಳಿಯಲು ತೊಡಗುತ್ತದೆ. ಒಡೆದ ಹಣ್ಣಿನ ರಸಕ್ಕೆ ಗಾಳಿ ಸೋಕಿದರೆ ಬಣ್ಣ ಕಂದುತ್ತದೆ. ದೊಡ್ಡ ಕ್ರೇಟಿನಲ್ಲಿ ಕಂಠಮಟ್ಟ ತುಂಬಿ ತಂದ ಹಣ್ಣಿನ ತಳ ಏನಾಗಿದೆ, ಚಿಕ್ಕ ಕ್ರೇಟಿನಲ್ಲಿ ತಂದದ್ದು ಹೇಗಿದೆ ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದರೆ ಆ ಪಾಠವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಅಲ್ಲಿ ಒಬ್ಬ ಕೈಯಲ್ಲಿ ಚಿಕ್ಕ ಕೊಳವೆಯಂಥ ಉಪಕರಣ ಹಿಡಿದು, ಅದರ ಗಾಜಿನ ಮೇಲೆ ಒಂದು ಹನಿ ರಸ ಬಿಟ್ಟು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿರುತ್ತಾನೆ. ಅದೇ ರಿಫ್ರಾಕ್ಟೋಮೀಟರ್. ರಸದಲ್ಲಿ ಸಕ್ಕರೆ ಎಷ್ಟಿದೆ ಎಂಬುದನ್ನು ಅದು ಬ್ರಿಕ್ಸ್ ಎಂಬ ಅಂಕಿಯಲ್ಲಿ ತೋರಿಸುತ್ತದೆ. ಕಬ್ಬು ಬೆಳೆಗಾರರಿಗೆ ಈ ಹೆಸರು ಹೊಸದಲ್ಲ. ವೈನ್ ದ್ರಾಕ್ಷಿಯಲ್ಲಿ ಸಾಮಾನ್ಯವಾಗಿ 21ರಿಂದ 24 ಬ್ರಿಕ್ಸ್ ಬಯಸುತ್ತಾರೆ. ಲೆಕ್ಕ ಸುಲಭ: ಬ್ರಿಕ್ಸ್ ಅಂಕಿಯನ್ನು 0.55ರಿಂದ ಗುಣಿಸಿದರೆ ಆ ರಸ ಪೂರ್ತಿ ಹುದುಗಿದಾಗ ಬರುವ ಮದ್ಯಸಾರದ ಶೇಕಡಾ ಪ್ರಮಾಣ ಹೆಚ್ಚುಕಡಿಮೆ ಸಿಗುತ್ತದೆ. 22 ಬ್ರಿಕ್ಸ್ ಇದ್ದರೆ ಸುಮಾರು ಶೇ. 12. 18 ಇದ್ದರೆ ಶೇ. 10ಕ್ಕೂ ಎಟುಕದು. ನಿಮ್ಮ ಹಣ್ಣನ್ನು "ಇನ್ನೂ ಎಂಟು ದಿನ ಬಿಡಿ" ಎಂದು ಅವರು ಹೇಳುವುದರ ಹಿಂದೆ ಇರುವುದು ಈ ಗುಣಾಕಾರ.

ಈಗ ಈ ಎಂಟು ದಿನದ ವಿಷಯಕ್ಕೆ ಬನ್ನಿ. ಬೆಳೆಗಾರನ ಹೊಟ್ಟೆಪಾಡು ಇರುವುದೇ ಇಲ್ಲಿ. ಬಳ್ಳಿಯಲ್ಲಿ ಹಣ್ಣು ಹೆಚ್ಚು ದಿನ ನಿಂತಷ್ಟೂ ಸಕ್ಕರೆಯ ಅಂಕಿ ಏರುತ್ತದೆ. ಆದರೆ ಮಾಗುವ ಕೊನೆಯ ಹಂತದಲ್ಲಿ ಆ ಏರಿಕೆಯ ಒಂದು ಭಾಗ ಹಣ್ಣಿನ ನೀರು ಆರಿದ್ದರಿಂದ ಬಂದದ್ದು. ನೀರು ಆರಿದರೆ ತೂಕ ಇಳಿಯಿತು. ಜತೆಗೆ ಹಕ್ಕಿ, ಜೇನ್ನೊಣ, ಅಕಾಲದ ಒಂದು ಮಳೆಯ ಭಯ. ವೈನರಿಗೆ ಸಕ್ಕರೆ ಬಂತು, ನಿಮಗೆ ಕಿಲೋ ಹೋಯಿತು. ಬೆಲೆ ಬರೀ ತೂಕದ ಮೇಲೆ ನಿಂತಿದ್ದರೆ ಈ ನಷ್ಟ ನಿಮ್ಮದೇ. ಸಕ್ಕರೆ ಏರಿದಷ್ಟೂ ಕಿಲೋಗೆ ಇಷ್ಟು ಹೆಚ್ಚು ಎಂಬ ಕರಾರಿದ್ದರೆ ಇಬ್ಬರಿಗೂ ನ್ಯಾಯ. ಮೊದಲ ಭೇಟಿಯಲ್ಲಿ ಈ ಪ್ರಶ್ನೆ ನಿಮ್ಮ ತಲೆಗೆ ಹೊಳೆಯುವುದೇ ಇಲ್ಲ. ಸುಗ್ಗಿಯ ದಿನ ತೂಕದ ಯಂತ್ರದ ಪಕ್ಕದಲ್ಲಿ ಒಂದು ತಾಸು ನಿಂತವನಿಗೆ ಹೊಳೆಯುತ್ತದೆ. ಆ ಚಿಕ್ಕ ಉಪಕರಣವನ್ನು ನಾಲ್ಕಾರು ಬೆಳೆಗಾರರು ಸೇರಿ ಒಂದು ಕೊಂಡಿಟ್ಟುಕೊಳ್ಳಿ ಎಂಬುದು ನಮ್ಮ ಸಲಹೆ. ವೈನರಿಯ ಅಂಕಿಯನ್ನು ನಂಬಬೇಡಿ ಎಂದು ಇದರ ಅರ್ಥವಲ್ಲ. ಆದರೆ ತಕ್ಕಡಿ ಒಬ್ಬರ ಮನೆಯಲ್ಲಿ ಮಾತ್ರ ಇರಬಾರದು. ಹೋಗುವ ದಿನ ನಿಮ್ಮ ತೋಟದ ಬೇರೆ ಬೇರೆ ಸಾಲಿನಿಂದ, ಗೊಂಚಲಿನ ಮೇಲಿಂದ, ನಡುವಿನಿಂದ, ತುದಿಯಿಂದ ಬಿಡಿಸಿದ ನೂರು ಕಾಳು ಒಯ್ದು ಎರಡು ಉಪಕರಣದಲ್ಲೂ ನೋಡಿ. ತುದಿಯ ಕಾಳು ಹಿಂದೆ ಬಿದ್ದಿರುವುದು ಸಾಮಾನ್ಯ.

ತೂಕದ ಕಟ್ಟೆಯಿಂದ ಒಳಗೆ ನಡೆಯಿರಿ. ಕಾಂಡ ಬಿಡಿಸುವ ಯಂತ್ರದಲ್ಲಿ ಗೊಂಚಲಿನ ತೊಟ್ಟು ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತವೆ. ಬಿಳಿ ವೈನಿಗಾದರೆ ಕಾಳನ್ನು ಹಿಂಡಿ ರಸ ಮಾತ್ರ ಹುದುಗಲು ಬಿಡುತ್ತಾರೆ; ಕೆಂಪಿಗಾದರೆ ಸಿಪ್ಪೆ, ಬೀಜದ ಸಮೇತ. ಬಣ್ಣ ಇರುವುದು ಸಿಪ್ಪೆಯಲ್ಲಿ. ಅದಕ್ಕೇ ಕ್ಯಾಬರ್ನೆ ಸಾವಿನ್ಯೋ, ಶಿರಾಜ್ ಮುಂತಾದ ತಳಿಗಳ ಕಾಳು ಚಿಕ್ಕದು, ಸಿಪ್ಪೆ ದಪ್ಪ. ತಿನ್ನಲು ಕೊಂಡವನು ಬಯ್ಯುತ್ತಾನೆ, ವೈನ್ ಮಾಡುವವನು ಕಣ್ಣಿಗೊತ್ತಿಕೊಳ್ಳುತ್ತಾನೆ. ಬಿಳಿಯದನ್ನು ತಣ್ಣಗೆ, ಹೆಚ್ಚಾಗಿ 20 ಡಿಗ್ರಿಗಿಂತ ಕೆಳಗೆ, ಹುದುಗಿಸುತ್ತಾರೆ. ಕೆಂಪನ್ನು ಅದಕ್ಕಿಂತ ಬಿಸಿಯಾಗಿ. ಒಂದು ಟನ್ ಹಣ್ಣಿಗೆ ಸುಮಾರು 600ರಿಂದ 700 ಲೀಟರ್ ವೈನ್. ಅಂದರೆ 750 ಮಿಲಿಲೀಟರಿನ ಒಂದು ಸೀಸೆಗೆ ಒಂದು ಕಿಲೋಗಿಂತ ತುಸು ಹೆಚ್ಚು ಹಣ್ಣು. ಸೀಸೆಯ ಬೆಲೆಯನ್ನೂ ನಿಮ್ಮ ಕಿಲೋ ಬೆಲೆಯನ್ನೂ ಒಂದೇ ಚೀಟಿಯಲ್ಲಿ ಬರೆದು ನೋಡಿ ನಿಟ್ಟುಸಿರು ಬಿಡುವವರಿದ್ದಾರೆ. ಆದರೆ ಸೀಸೆ, ಬಿರಡೆ, ತಂಪು ಯಂತ್ರ, ವರ್ಷಗಟ್ಟಲೆ ಕೂಡಿಡುವ ಬಂಡವಾಳ, ಎಲ್ಲಕ್ಕಿಂತ ಮಿಗಿಲಾಗಿ ತೆರಿಗೆ, ಇವನ್ನೂ ಆ ಚೀಟಿಯಲ್ಲಿ ಬರೆಯುವುದು ನ್ಯಾಯ.

ಒಂದು ಎಚ್ಚರಿಕೆ. ಹುದುಗುವ ತೊಟ್ಟಿಯ ಬಾಯಿಗೆ ತಲೆ ಬಗ್ಗಿಸಿ ನೋಡಬೇಡಿ. ಅಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ನಮ್ಮ ಹಿರಿಯರು ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಬಿಟ್ಟು ನೋಡುತ್ತಿದ್ದುದು ಇಂಥದೇ ಕೆಟ್ಟ ಗಾಳಿಯ ಭಯಕ್ಕೆ. ಮಕ್ಕಳನ್ನು ಕರೆದೊಯ್ದಿದ್ದರೆ ಕೈ ಬಿಡಬೇಡಿ.

ಹೊರಗೆ ಹಿತ್ತಲಿಗೂ ಒಮ್ಮೆ ಹೋಗಿ. ಪ್ರವಾಸಿಗರಿಗೆ ತೋರಿಸದ ಜಾಗ ಅದು, ನಮಗೆ ಮಾತ್ರ ಮುಖ್ಯ. ಹಿಂಡಿದ ಸಿಪ್ಪೆ, ಬೀಜ, ತೊಟ್ಟಿನ ರಾಶಿ ಅಲ್ಲಿರುತ್ತದೆ. ಇದರಲ್ಲಿ ಪೊಟ್ಯಾಷ್ ಅಂಶ ಚೆನ್ನಾಗಿದೆ. ಹಸಿಯಾಗಿ ಬುಡಕ್ಕೆ ಹಾಕಬಾರದು, ಹುಳಿ ಹೆಚ್ಚು. ಸಗಣಿಯೊಡನೆ ಪದರ ಪದರವಾಗಿ ಹಾಕಿ ಕೊಳೆಸಿ ಗೊಬ್ಬರ ಮಾಡಬೇಕು. ಅವರಿಗೆ ಸಾಗಿಸುವ ತಲೆನೋವು, ನಿಮಗೆ ಗೊಬ್ಬರ. ಕೇಳಿ ನೋಡುವುದರಲ್ಲಿ ನಷ್ಟವೇನು?

ಮೂರನೆಯ ಭೇಟಿ ಮಳೆಗಾಲಕ್ಕೆ ಇರಲಿ. ಜುಲೈ, ಆಗಸ್ಟಿನಲ್ಲಿ ತೊಟ್ಟಿಗಳು ಮೌನವಾಗಿರುತ್ತವೆ, ಗಾಡಿಗಳ ಸಾಲಿಲ್ಲ, ವೈನ್ ಮಾಡುವ ತಜ್ಞನಿಗೆ ಪುರುಸೊತ್ತಿರುತ್ತದೆ. ಸುಗ್ಗಿಯಲ್ಲಿ ನಿಮ್ಮತ್ತ ತಿರುಗಿಯೂ ನೋಡದ ಮನುಷ್ಯ ಈಗ ಅರ್ಧ ಗಂಟೆ ಕೂತು ಮಾತಾಡುತ್ತಾನೆ. ಶನಿವಾರ, ಭಾನುವಾರ ಬೇಡ. ಆಗ ಬೆಂಗಳೂರಿನ ಕಾರುಗಳ ಜಾತ್ರೆ. ಮಂಗಳವಾರ ಬುಧವಾರದಂಥ ದಿನ ಒಳ್ಳೆಯದು. ಓಕ್ ಮರದ ಪೀಪಾಯಿ ಸಾಮಾನ್ಯವಾಗಿ 225 ಲೀಟರಿನದು. ಅದರ ಮರದ ಸಂದಿನಿಂದ ವೈನು ಸ್ವಲ್ಪ ಸ್ವಲ್ಪವೇ ಆವಿಯಾಗುವುದರಿಂದ ಆಗಾಗ ತುಂಬಿಸುತ್ತಿರಬೇಕು. ಮೊದಲ ಸಲ ಬಂದಾಗ ಯಾವ ತೊಟ್ಟಿಯ ಮುಂದೆ ನಿಂತಿದ್ದಿರೋ ಅದರ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದರೆ ಈಗ ಕೇಳಬಹುದು: "ಆ ತೊಟ್ಟಿಯ ರಸ ಈಗ ಎಲ್ಲಿದೆ?" ಈ ಒಂದು ಪ್ರಶ್ನೆಯಿಂದ ನೀವು ಬರೀ ನೋಡಲು ಬಂದವರಲ್ಲ, ಹಿಂಬಾಲಿಸಿ ಬಂದವರು ಎಂಬುದು ಅವರಿಗೆ ತಿಳಿಯುತ್ತದೆ. ಅಲ್ಲಿಂದ ಮುಂದೆ ಮಾತಿನ ಧಾಟಿಯೇ ಬೇರೆ.

ರುಚಿ ನೋಡುವ ಅಭ್ಯಾಸವಿರುವವರು ಒಂದೇ ವೈನನ್ನು ಎರಡು ಬೇರೆ ವರ್ಷದ್ದು ಪಕ್ಕಪಕ್ಕದಲ್ಲಿ ಕೇಳಿ. ಒಂದು ಗುಟುಕು ಬಾಯಲ್ಲಿ ಆಡಿಸಿ ಉಗುಳುವುದು ಅಲ್ಲಿ ಅಮರ್ಯಾದೆಯಲ್ಲ, ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ. ವೈನ್ ಮಾಡುವವರೂ ಹಾಗೆಯೇ ಮಾಡುತ್ತಾರೆ. ಗಾಡಿ ಓಡಿಸುವವರು ಅದನ್ನೂ ಮಾಡುವುದು ಬೇಡ. ಕುಡಿಯದವರು ಲೋಟ ಮೂಗಿನ ಬಳಿ ಹಿಡಿದರೆ ಸಾಕು, ಅರ್ಧ ವಿಷಯ ವಾಸನೆಯಲ್ಲೇ ಇದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದಕ್ಕೊಂದು ಕಾರಣ ತೋಟದಲ್ಲೂ ಇರಬಹುದು: ಕೊಯ್ಲಿಗೆ ಹತ್ತಿರ ಗಂಧಕ ಸಿಂಪಡಿಸಿದರೆ ಹುದುಗುವಾಗ ಆ ದುರ್ವಾಸನೆ ಹುಟ್ಟುತ್ತದೆ. ತಾಮ್ರದ ಅಂಶ ಹೆಚ್ಚಾಗಿ ಉಳಿದರೆ ಹುದುಗಿಸುವ ಯೀಸ್ಟ್‌ಗೇ ತೊಂದರೆ. "ಕೊನೆಯ ಸಿಂಪರಣೆ ಯಾವಾಗ?" ಎಂದು ವೈನರಿಯವರು ಪೀಡಿಸಿ ಕೇಳುವುದು ಸುಮ್ಮನೆ ಅಲ್ಲ. ಸಿಂಪರಣೆಯ ದಿನ, ಔಷಧಿಯ ಹೆಸರು, ಪ್ರಮಾಣ ಬರೆದಿಟ್ಟ ಪುಸ್ತಕ ತೋರಿಸಿದರೆ ನಿಮ್ಮ ಹಣ್ಣಿನ ಮೇಲೆ ಅವರಿಗೆ ನಂಬಿಕೆ ಬರುತ್ತದೆ.

ಇಲ್ಲಿ ಒಂದು ಹಳೆಯ ಪ್ರಸಂಗ ನೆನಪಿಗೆ ಬರುತ್ತದೆ. ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರಿದ್ದರು. ಅಲ್ಲಿನ ದ್ರಾಕ್ಷಿ ತೋಟಗಳ ನಡುವೆ ವರ್ಷಗಟ್ಟಲೆ ಓಡಾಡಿದವರು. 1882ರ ಶರತ್ಕಾಲದಲ್ಲಿ ಸೇಂಟ್ ಜೂಲಿಯನ್ ಎಂಬ ಊರಿನ ತೋಟದ ಪಕ್ಕ ಹೋಗುತ್ತಿದ್ದಾಗ ಒಂದು ವಿಚಿತ್ರ ಕಂಡರು. ಬೂಜು ತುಪ್ಪಟ ರೋಗದಿಂದ ತೋಟದ ಎಲೆಯೆಲ್ಲ ಉದುರಿ ಹೋಗಿದೆ, ರಸ್ತೆಯಂಚಿನ ಸಾಲುಗಳಲ್ಲಿ ಮಾತ್ರ ಎಲೆ ನಿಂತಿದೆ! ವಿಚಾರಿಸಿದರೆ ತಿಳಿದದ್ದು ಇಷ್ಟು: ದಾರಿಹೋಕರು ಹಣ್ಣು ಕದಿಯುತ್ತಾರೆಂದು ತೋಟದವರು ವಿಷದಂತೆ ಕಾಣಲೆಂದು ತಾಮ್ರದ ಲವಣವನ್ನೂ ಸುಣ್ಣವನ್ನೂ ಕಲಸಿ ಆ ಸಾಲುಗಳಿಗೆ ಎರಚಿದ್ದರು. ಮಿಲಾರ್ಡೆ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು 1910ರ ಆಸುಪಾಸಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಅದನ್ನು ಮಲೆನಾಡಿನ ತೋಟಗಳಿಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಇಂದಿಗೂ ಮಳೆಗಾಲದಲ್ಲಿ ಮಲೆನಾಡಿನ ಬೆಳೆಗಾರರು ಕಲಸುವುದು ದ್ರಾಕ್ಷಿ ತೋಟದ ಆ ರಸ್ತೆಯಂಚಿನ ಕೊಡುಗೆ. ಆ ರಸ್ತೆಯಲ್ಲಿ ಅದೇ ಮೊದಲ ಸಲ ನಡೆದವನಿಗೆ ಎರಡು ಸಾಲು ಹಸಿರಾಗಿರುವುದು ವಿಶೇಷವೆಂದು ತೋರುತ್ತಿತ್ತೇ ಎಂಬುದು ಅನುಮಾನ.

ತೋಟದ ಭೇಟಿಗೆ ಎರಡು ಕಾಲ. ಏಪ್ರಿಲ್ ಹೊತ್ತಿನ ಹಿಂದಿನ ಸವರುವಿಕೆ, ಸೆಪ್ಟೆಂಬರ್-ಅಕ್ಟೋಬರಿನ ಫಲದ ಸವರುವಿಕೆ. ವಿಜಯಪುರದ ಕಡೆಯವರು ಹೇಳುವ ಎರಡು ಚಾಟನಿ. ಎಷ್ಟು ಕಣ್ಣು ಬಿಡುತ್ತಾರೆ, ಬಳ್ಳಿಯೊಂದಕ್ಕೆ ಎಷ್ಟು ಗೊಂಚಲು ಉಳಿಸುತ್ತಾರೆ, ಎಣಿಸಿ. ಬೆಂಗಳೂರು ಬ್ಲೂ ಬೆಳೆದು ಎಕರೆಗೆ 15 ಟನ್ ದಾಟಿಸಿದ ಕೈಗೆ ವೈನ್ ತೋಟದವರು ಹಸಿ ಗೊಂಚಲು ಕತ್ತರಿಸಿ ನೆಲಕ್ಕೆ ಬಿಸಾಡುವುದು ನೋಡಿದರೆ ಕರುಳು ಚುರುಕ್ಕೆನ್ನುತ್ತದೆ. ಒಳ್ಳೆಯ ಕೆಂಪು ವೈನಿಗೆ ಎಕರೆಗೆ ನಾಲ್ಕೈದು ಟನ್ ಸಾಕೆನ್ನುವ ಲೆಕ್ಕ ಅವರದು. ಇಳುವರಿ ಮೂರನೆಯ ಒಂದು ಪಾಲು ಎಂದಾದರೆ ಬೆಲೆ ಮೂರು ಪಟ್ಟಾದರೂ ಇರಬೇಕಲ್ಲವೇ? ಇದೆಯೇ? ಅಕ್ಟೋಬರಿನಲ್ಲಿ ಗೊಂಚಲು ಎಣಿಸಿದವನು ಮಾರ್ಚಿಯಲ್ಲಿ ಈ ಪ್ರಶ್ನೆ ಕೇಳಲು ಅರ್ಹ. ಬೇರಿಗೆ ಡಾಗ್‌ರಿಡ್ಜ್ ಕಟ್ಟಿದ್ದಾರೋ ಬೇರೆ ತಳಿಯೋ, ಸಾಲು ಯಾವ ದಿಕ್ಕಿಗಿದೆ, ಗೊಂಚಲ ಸುತ್ತಿನ ಎಲೆ ಎಷ್ಟು ಬಿಡಿಸಿದ್ದಾರೆ, ಹನಿ ನೀರು ಯಾವಾಗ ಕಡಿಮೆ ಮಾಡುತ್ತಾರೆ ಎಂಬುದನ್ನೆಲ್ಲ ಕೇಳಿ. ಈ ಭೇಟಿಗೆ ಮನೆಯ ಹೆಣ್ಣುಮಕ್ಕಳನ್ನು ಬಿಟ್ಟು ಹೋಗಬೇಡಿ. ಎಲೆ ಬಿಡಿಸುವುದು, ಗೊಂಚಲು ತೆಳುಮಾಡುವುದು, ಕೊಯ್ಯುವುದು ಹೆಚ್ಚಿನ ತೋಟಗಳಲ್ಲಿ ಅವರ ಕೈಯ ಕೆಲಸ. ಬಸ್ಸಿನಲ್ಲಿ ಮಾತ್ರ ಗಂಡಸರೇ ತುಂಬಿಕೊಂಡು ಹೋಗುವುದು ನಮ್ಮ ಪ್ರವಾಸಗಳ ಹಳೆಯ ಕಾಯಿಲೆ. ಹೋಗುವಾಗ ಚಪ್ಪಲಿ, ಬೂಟಿನ ಮಣ್ಣು ತೊಳೆದು ಹೋಗಿ, ತೊಳೆದು ಬನ್ನಿ; ಕಡ್ಡಿ ಮುರಿದು ಜೇಬಿಗಿಟ್ಟುಕೊಂಡು ಬರಬೇಡಿ. ಹಿಟ್ಟು ತಿಗಣೆಯೂ ಬೇರಿನ ಜಂತು ಹುಳುವೂ ಹೀಗೇ ಊರೂರು ಸುತ್ತುವುದು.

ಇಷ್ಟೆಲ್ಲ ಓಡಾಟ ಏಕೆಂದು ಕೇಳುವವರಿಗೆ ಕಾರಣ ಹೇಳಬೇಕು. ವೈನ್ ತಳಿ ಹಾಕಬೇಕೇ ಬೇಡವೇ ಎಂಬ ಪ್ರಶ್ನೆ ಹಲವು ಮನೆಗಳಲ್ಲಿದೆ. ಕಂಬ, ತಂತಿ, ಕಸಿ ಸಸಿ, ಹನಿ ನೀರಾವರಿ ಎಂದು ಲಕ್ಷಗಟ್ಟಲೆ ಸುರಿದರೆ ಮೊದಲ ಒಳ್ಳೆಯ ಫಸಲಿಗೆ ಎರಡು ಮೂರು ವರ್ಷ, ಆಮೇಲೆ ಹದಿನೈದಿಪ್ಪತ್ತು ವರ್ಷ ಅದೇ ಬಳ್ಳಿ. ಬೆಂಗಳೂರು ಬ್ಲೂ ಆದರೆ ಒಬ್ಬ ಕೊಳ್ಳದಿದ್ದರೆ ಇನ್ನೊಬ್ಬ: ಮಾರುಕಟ್ಟೆಗೆ ಒಯ್ಯಬಹುದು, ರಸದವರಿಗೆ ಕೊಡಬಹುದು, ವೈನರಿಗೂ ಹೋಗುತ್ತದೆ. ನಮ್ಮ ಹವೆಯಲ್ಲಿ ವರ್ಷಕ್ಕೆ ಎರಡು ಫಸಲು ಕೊಡುವ ಬಳ್ಳಿ ಅದು. 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದಿದೆ. ಶಿರಾಜ್, ಕ್ಯಾಬರ್ನೆಗಳಿಗೆ ಆ ಅನುಕೂಲವಿಲ್ಲ. ಬೀಜ ತುಂಬಿದ ಆ ಪುಟ್ಟ ಕಾಳನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ? ವೈನರಿ ಬೇಡವೆಂದ ದಿನ ಅದು ಯಾರಿಗೂ ಬೇಡ.

ಇದು ಊಹೆಯ ಮಾತಲ್ಲ. ಮಹಾರಾಷ್ಟ್ರ 2001ರಲ್ಲೇ ವೈನ್ ನೀತಿ ತಂದಿತು. ನಾಸಿಕದ ಸುತ್ತ ವೈನರಿಗಳು ಒಂದರ ಹಿಂದೊಂದು ಎದ್ದವು, ರೈತರು ತಿನ್ನುವ ದ್ರಾಕ್ಷಿ ಬಿಟ್ಟು ವೈನ್ ತಳಿ ಹಾಕಿದರು. 2008ರಲ್ಲಿ ಜಗತ್ತಿನ ಆರ್ಥಿಕ ಹಿಂಜರಿತ, ಅದೇ ನವೆಂಬರಿನಲ್ಲಿ ಮುಂಬೈ ಮೇಲಿನ ದಾಳಿ. ಹೋಟೆಲುಗಳಿಗೆ ಜನ ಬರುವುದು ಕುಸಿಯಿತು, ವೈನು ತೊಟ್ಟಿಗಳಲ್ಲೇ ಉಳಿಯಿತು. ತೊಟ್ಟಿ ತುಂಬಿರುವವನು ಹೊಸ ಹಣ್ಣು ಎಲ್ಲಿ ಹಾಕಿಕೊಂಡಾನು? ಹಲವು ಘಟಕಗಳು ಮುಚ್ಚಿದವು, ಬೆಳೆಗಾರರು ಕಟ್ಟಿ ಬೆಳೆಸಿದ ಬಳ್ಳಿಗಳನ್ನು ತಾವೇ ಕಿತ್ತರು. ಹಾಗೆಂದು ತಿನ್ನುವ ದ್ರಾಕ್ಷಿಯೇ ನಿರ್ಭಯವೆಂದೂ ಅಲ್ಲ. 2020ರ ಮಾರ್ಚಿ ಕೊನೆಯ ಲಾಕ್‌ಡೌನ್‌ನಲ್ಲಿ ಚಿಕ್ಕಬಳ್ಳಾಪುರದ ಕಡೆ ಹಣ್ಣು ಬಳ್ಳಿಯಲ್ಲೇ ಉಳಿದದ್ದನ್ನು ನೀವು ಮರೆತಿರಲಾರಿರಿ. ನಮ್ಮ ಮಾತು ಇಷ್ಟೇ: ಒಬ್ಬನೇ ಕೊಳ್ಳುವವನನ್ನು ನಂಬಿ ಹದಿನೈದು ವರ್ಷದ ಬಳ್ಳಿ ನೆಡುವವನು ಆ ಕೊಳ್ಳುವವನನ್ನು ನಾಲ್ಕು ಕಾಲದಲ್ಲೂ ನೋಡಿರಬೇಕು. ದೂರದ ಬೆಟ್ಟ ನುಣ್ಣಗೆ ಎಂದರು ಹಿರಿಯರು. ನಂದಿಯೇನೋ ಹತ್ತಿರದಲ್ಲೇ ಇದೆ. ಬುಡದ ತೊಟ್ಟಿಗಳನ್ನು ಮಾತ್ರ ನಾವು ದೂರದಿಂದ ನೋಡಿದ್ದೇವೆ.

ನಾಲ್ಕನೆಯ ಭೇಟಿಯಲ್ಲಿ ಕರಾರಿನ ಮಾತೆತ್ತಿ, ಅದಕ್ಕೆ ಮುಂಚೆ ಬೇಡ. ಬ್ರಿಕ್ಸ್ ಎಷ್ಟಕ್ಕೆ ಯಾವ ಬೆಲೆ, ಕೊಯ್ಲಿನ ದಿನ ನಿರ್ಧರಿಸುವವರು ಯಾರು, ಕೊಯ್ಲಿನ ಕೂಲಿ ಮತ್ತು ಸಾಗಣೆ ಯಾರದು, ತೂಕ ಎಲ್ಲಿ, ತಿರಸ್ಕರಿಸಿದ ಹಣ್ಣಿನ ಗತಿ ಏನು, ಹಣ ಎಷ್ಟು ದಿನದಲ್ಲಿ, ತೊಟ್ಟಿ ತುಂಬಿಹೋದ ವರ್ಷ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಒಳ್ಳೆಯ ವೈನರಿಯವರು ಇದಕ್ಕೆ ಮುನಿಯುವುದಿಲ್ಲ; ಅವರಿಗೂ ನಂಬುಗೆಯ ಬೆಳೆಗಾರ ಬೇಕು. ಮುನಿದರೆ ಬಂದ ದಾರಿಗೆ ಸುಂಕವಿಲ್ಲ. ಗೇಟಿನ ಹೊರಗೆ ಬಂದ ಮೇಲೆ ಅಲ್ಲಿಗೆ ಹಣ್ಣು ಹಾಕುವ ನಾಲ್ಕು ಮಂದಿ ಬೆಳೆಗಾರರ ಮನೆಗೂ ಹೋಗಿ, ಕಳೆದ ಮೂರು ವರ್ಷದ ಹಣ ಯಾವ ತಿಂಗಳಲ್ಲಿ ಕೈಗೆ ಬಂತೆಂದು ಕೇಳಿ. ಒಳಗೆ ಕೊಡುವ ಬಣ್ಣದ ಪುಸ್ತಿಕೆಯಲ್ಲಿ ಈ ತಾರೀಖುಗಳು ಇರುವುದಿಲ್ಲ.

ತಳಿಯ ಬಗ್ಗೆ ಎರಡನೆಯ ಅಭಿಪ್ರಾಯ ಬೇಕೆನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ದೊಡ್ಡಬಳ್ಳಾಪುರದಿಂದ ದೂರವೇನಲ್ಲ. ಬೆಂಗಳೂರು ಬ್ಲೂವನ್ನೇ ತಾಯಿಯಾಗಿಟ್ಟು ಅರ್ಕಾ ಶ್ಯಾಮ್, ಅರ್ಕಾ ತೃಷ್ಣಾ ತಳಿಗಳನ್ನು ಹೊರತಂದವರು ಅವರು. ಪುಣೆಯ ಮಾಂಜ್ರಿಯಲ್ಲಿ 1997ರಿಂದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ. ಕೃಷ್ಣಾ ತೀರದವರಿಗೆ ಅದೇ ಅನುಕೂಲ. ಇನ್ನು, ವೈನರಿ ನೋಡಿ ಬಂದ ಹುರುಪಿನಲ್ಲಿ ಮನೆಯ ಹಂಡೆಯಲ್ಲಿ ಹುದುಗಿಸಿ ಮಾರಲು ಹೊರಡುವವರು ಅಬಕಾರಿ ಕಾಯಿದೆ ಇದೆ ಎಂಬುದನ್ನು ನೆನಪಿಡಿ. ಪರವಾನಗಿಯಿಲ್ಲದೆ ಅದು ಅಪರಾಧ.

ಹೊರಡುವಾಗ ಐದಾರು ಮಂದಿಗಿಂತ ಹೆಚ್ಚು ಬೇಡ. ನಲವತ್ತು ಜನರ ಬಸ್ಸಿಗೆ ಧ್ವನಿವರ್ಧಕದ ಪಾಠ ಸಿಗುತ್ತದೆ, ಐದು ಜನರಿಗೆ ಕೀಲಿ ತೆಗೆದು ತೋರಿಸುತ್ತಾರೆ. ಕಳೆದ ಸಲ ತೋರಿಸಿದವರ ಹೆಸರು ನೆನಪಿಟ್ಟು ಅವರನ್ನೇ ಕೇಳಿ. ಒಂದು ನೋಟ್ ಪುಸ್ತಕ, ನಿಮ್ಮ ಮಣ್ಣು ಮತ್ತು ಕೊಳವೆಬಾವಿ ನೀರಿನ ಪರೀಕ್ಷೆಯ ವರದಿ ಜತೆಗಿರಲಿ. ಪುಸ್ತಕದಲ್ಲಿ ತಾರೀಖು, ತೊಟ್ಟಿ ಸಂಖ್ಯೆ, ಬ್ರಿಕ್ಸ್, ಅಂದು ತಂದ ಹಣ್ಣಿನ ತಳಿ, ಸಾಲಿನ ಗುರುತು ಬರೆಯಿರಿ. ಊರಿಗೆ ಬಂದ ಮೇಲೆ ಆ ಪುಸ್ತಕವನ್ನು ಒಂದು ವಾರ ವಾಚನಾಲಯದ ಮೇಜಿನ ಮೇಲೆ ಇಟ್ಟರೆ ಹೋಗಲಾಗದವರೂ ಓದಿಕೊಂಡಾರು. ಈ ಸುಗ್ಗಿಗೆ ಹೋಗುವವರು ಜನವರಿ ಮೊದಲ ವಾರದಲ್ಲೇ ಫೋನು ಮಾಡಿ, ಬಿಳಿ ದ್ರಾಕ್ಷಿ ಯಾವ ವಾರ, ಕೆಂಪು ಯಾವ ವಾರ ಎಂದು ವಿಚಾರಿಸಿ. ಸಾಮಾನ್ಯವಾಗಿ ಬಿಳಿಯದು ಮೊದಲು ಬರುತ್ತದೆ. ಎರಡೂ ಒಳಗೆ ಬರುವ ವಾರ ಸಿಕ್ಕಿದರೆ ಅದನ್ನೇ ಹಿಡಿಯಿರಿ.